ಬಳಿಗಾರ ಸರ್ ಮುಗಿಸಿದ ಪರೀಕ್ಷೆ

ಬಳಿಗಾರ ಸರ್ ಯಾರ ಕಾರು ಹತ್ತಿದರೂ ಬಾಗಿಲನ್ನು ಎರಡು ಸಲ ಹಾಕುತ್ತಿದ್ದರು. ಮೊದಲನೆಯದು ಎಲ್ಲರೂ ಹಾಕುವಂತೆ. ಆಮೇಲೆ ಅದನ್ನು ತೆಗೆದು, ಕಿವಿಯನ್ನು ಕಿಟಕಿಯ ಕಡೆ ವಾಲಿಸಿ, ಇನ್ನೊಂದು ಸಲ ಮೆಲ್ಲಗೆ ಹಾಕಿ ಸದ್ದು ಕೇಳುತ್ತಿದ್ದರು. ಸದ್ದು ಹಿಡಿಸಿದರೆ "ಹೂಂ, ನಡಿ" ಎನ್ನುವರು. ಹಿಡಿಸದಿದ್ದರೆ ಆ ಕಾರಿನ ಜಾತಕವನ್ನೇ ಬಿಚ್ಚುವರು. ಹೊಸ ಕಾರು ಕೊಂಡ ಸಂಭ್ರಮದಲ್ಲಿ ಅವರನ್ನು ಊಟಕ್ಕೆ ಕರೆದ ಎಷ್ಟೋ ಕನ್ನಡದ ಮನೆಯವರು ಪಾಯಸಕ್ಕೆ ಮೊದಲೇ ಮುಖ ಸಪ್ಪಗೆ ಮಾಡಿಕೊಂಡದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. "ಕೆಳಗಿನ ಕೀಲು ಸಡಲ ಐತ್ರಿ. ಐದು ವರ್ಷಕ್ಕ ಬಾಗಿಲಾ ಜೋಲ್ತೈತಿ" ಎಂದು ಹೇಳಿಬಿಟ್ಟು, ತಾವು ಮಾತ್ರ ಆರಾಮವಾಗಿ ಎರಡನೇ ಸಲ ಪಾಯಸ ಬಡಿಸಿಕೊಳ್ಳುತ್ತಿದ್ದರು.

ಅದು ಅವರ ಹೊಟ್ಟೆಪಾಡಿನ ವಿದ್ಯೆ. ಗದಗಿನ ಅಂದಾನಪ್ಪ ಬಳಿಗಾರರು ಡೆಟ್ರಾಯಿಟ್ ಪಕ್ಕದ ಟ್ರಾಯ್‌ನಲ್ಲಿ, ಕಾರಿನ ಬಾಗಿಲಿಗೆ ಕೀಲು ಮಾಡುವ ಕಂಪನಿಯೊಂದರಲ್ಲಿ, ಇಪ್ಪತ್ತೇಳು ವರ್ಷ ಟೆಸ್ಟ್ ಲ್ಯಾಬ್ ನೋಡಿಕೊಂಡವರು. ಕಬ್ಬಿಣದ ಕೈಯೊಂದು ಹಗಲೂ ರಾತ್ರಿ ಬಾಗಿಲನ್ನು ತೆಗೆದು ಹಾಕಿ, ತೆಗೆದು ಹಾಕಿ, ಕೀಲು ಮುರಿಯುವವರೆಗೂ ಬಿಡದೆ ದುಡಿಯುತ್ತಿತ್ತು. ಎಷ್ಟನೆಯ ಸಲಕ್ಕೆ ಮುರಿಯಿತು ಎಂದು ಬರೆದಿಡುವುದು ನಮ್ಮ ಕೆಲಸ. ನಮ್ಮ ಎಂದೆ. ಮೈಸೂರಿನಿಂದ ಬಂದು, ಇಲ್ಲಿ ಎಂ.ಎಸ್. ಮಾಡಿ, ಎಲ್ಲ ತಿಳಿದಿದೆ ಎಂಬ ಗತ್ತಿನಲ್ಲಿ ಅವರ ಕೈಕೆಳಗೆ ಸೇರಿದವನು ನಾನು. ಆ ಗತ್ತು ಆರು ತಿಂಗಳೂ ಉಳಿಯಲಿಲ್ಲ.

ಒಂದು ಸಲ ನಾನು ನೋಡಿಕೊಳ್ಳುತ್ತಿದ್ದ ಬಾಗಿಲಿನ ಬೋಲ್ಟು ಪರೀಕ್ಷೆಯ ನಡುವೆ ಸಡಿಲವಾಯಿತು. ಮೇಲಿನವರು ಒಳ್ಳೆಯ ಫಲಿತಾಂಶಕ್ಕೆ ಬಾಯಿಬಿಟ್ಟುಕೊಂಡು ಕಾಯುತ್ತಿದ್ದರು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಸ್ಪ್ಯಾನರ್ ತೆಗೆದುಕೊಂಡು ಒಂದು ಸುತ್ತು ಬಿಗಿದೆ. ಯಾರಿಗೂ ಹೇಳಲಿಲ್ಲ. ಮೂರು ದಿನದ ಮೇಲೆ ಬಳಿಗಾರ ಸರ್ ಬಂದು ಬೋಲ್ಟಿನ ಮುಂದೆ ಮಂಡಿಯೂರಿ ಕೂತರು. ಪರೀಕ್ಷೆಗೆ ಮೊದಲು ಪ್ರತಿ ಬೋಲ್ಟಿನ ಮೇಲೆ ಅವರು ಹಳದಿ ಬಣ್ಣದ ಒಂದು ಗೆರೆ ಎಳೆದಿರುತ್ತಿದ್ದರು. ಬೋಲ್ಟು ತಿರುಗಿದರೆ ಗೆರೆ ಜರುಗುತ್ತದೆ.

"ಗೆರಿ ಸರದೈತಿ. ಯಾರ ಕೈ ಇದು?"

"ನಂದು ಸರ್. ಬಾಗಿಲು ಬಿದ್ದೋಗುತ್ತಲ್ಲ ಅಂತ..."

"ಬಿದ್ರ ಬೀಳಲಿ. ಅದು ಎಂದು ಬೀಳ್ತೈತಿ ಅಂತ ತಿಳಕೊಳ್ಳಾಕ ನಮಗ ಪಗಾರ ಕೊಡ್ತಾರ, ಬೀಳಲಾರದಂಗ ಹಿಡಕೊಂಡು ನಿಂದ್ರಾಕಲ್ಲ."

ಮೂರು ವಾರದ ಕೆಲಸ ಕಸದ ಬುಟ್ಟಿಗೆ ಹೋಯಿತು. ನನ್ನ ನೌಕರಿಯೂ ಅದರ ಹಿಂದೆಯೇ ಹೋಯಿತೆಂದು ನಾನು ರೆಸ್ಯೂಮೆ ತಿದ್ದುತ್ತ ಕೂತಿದ್ದೆ. ಆದರೆ ವರದಿಯಲ್ಲಿ ಅವರು ಬರೆದದ್ದು, ಈ ಪರೀಕ್ಷೆ ಲ್ಯಾಬಿನ ತಪ್ಪಿನಿಂದ ಕೆಟ್ಟಿದೆ, ಹೊಣೆ ಬಳಿಗಾರ, ಎಂದು. ನನ್ನ ಹೆಸರು ಎಲ್ಲಿಯೂ ಇರಲಿಲ್ಲ. ಕೇಳಿದರೆ "ಲ್ಯಾಬ್ ನಂದೋ ನಿಂದೋ?" ಎಂದು ಗದರಿದರು. ಅವತ್ತಿನಿಂದ ಆ ಮನುಷ್ಯನ ಮೇಲೆ ನನಗೆ ಹುಟ್ಟಿದ ಅಭಿಮಾನ ಇವತ್ತಿಗೂ ಒಂದು ಕೂದಲಷ್ಟೂ ಕಡಿಮೆಯಾಗಿಲ್ಲ.

ಆಮೇಲೆ ರಿಸೆಷನ್ ಬಂತು. ಡೆಟ್ರಾಯಿಟ್‌ಗೆ ಅದು ಬೇರೆ ಊರುಗಳಿಗಿಂತ ಮೊದಲು ಬಂತು, ಹೋಗುವಾಗ ಎಲ್ಲರಿಗಿಂತ ಕೊನೆಗೆ ಹೋಯಿತು. ಒಂದು ಶುಕ್ರವಾರ ಲ್ಯಾಬ್ ಮುಚ್ಚುತ್ತಿದ್ದೇವೆ ಎಂದರು. ಆ ಹೊತ್ತಿಗೆ ಒಂದು ಯಂತ್ರ ನಡೆಯುತ್ತಿತ್ತು. ಕರೆಂಟು ತೆಗೆದಾಗ ಕಬ್ಬಿಣದ ಕೈ ಬಾಗಿಲನ್ನು ಅರ್ಧ ತೆಗೆದು ಹಾಗೇ ನಿಂತಿತು. ಬಳಿಗಾರ ಸರ್ ಅಲ್ಲಿಯವರೆಗಿನ ಎಣಿಕೆಯನ್ನು ಕಾರ್ಡಿನ ಮೇಲೆ ಬರೆದು, ಕೆಳಗೆ 'ಅಪೂರ್ಣ' ಎಂದು ಸೇರಿಸಿ ಸಹಿ ಹಾಕಿದರು. ನೌಕರಿ ಹೋದದ್ದಕ್ಕೆ ಅವರು ಅಷ್ಟೇನೂ ಮರುಗಲಿಲ್ಲ. "ಅರ್ಧಕ್ಕ ಬಿಟ್ಟು ಬಂದ್ನೆಲ್ಲೋ" ಎಂದು ಮಾತ್ರ ವರ್ಷಗಟ್ಟಲೆ ಅಂದರು.

ಮಗಳು ಶಿಕಾಗೊ ಕಡೆ ಇದ್ದಳು. ಅವಳ ಮನೆಗೆ ಹತ್ತಿರವೆಂದು ಅವರೂ ಅವರ ಹೆಂಡತಿ ಗಿರಿಜಾ ಆಂಟಿಯೂ ಗ್ಲೆಂಡೇಲ್ ಹೈಟ್ಸ್‌ನಲ್ಲಿ ಒಂದು ಟೌನ್‌ಹೋಮ್ ಹಿಡಿದರು. ನಾನು ಟ್ರಾಯ್‌ನಲ್ಲಿ ಎಂಟು ತಿಂಗಳು ಸೋಫಾ ಸವೆಸಿದೆ. ಅಷ್ಟರಲ್ಲಿ ಸರ್ ಫೋನ್ ಬಂತು. "ಇಲ್ಲೆ ಎಲ್ಕ್ ಗ್ರೋವ್‌ದಾಗ ಪ್ಯಾಕಿಂಗ್ ಮಷೀನ್ ಮಾಡೂ ಕಂಪನಿ ಐತಿ. ನಿನ್ನ ಹೆಸರು ಹೇಳೀನಿ. ಅಪ್ಲೈ ಮಾಡು. ಮಾರಿ ತೊಳಕೊಂಡು ಬಾ." ಕಾಂಟ್ರ್ಯಾಕ್ಟ್ ಕೆಲಸ, ವಾರಕ್ಕೆ ಮೂರೇ ದಿನ. ಆದರೂ ಬಂದೆ. ಅವರ ಬಡಾವಣೆಯ ಹಿಂದಿನ ಅಪಾರ್ಟ್‌ಮೆಂಟಿನಲ್ಲೇ ಇಳಿದೆ. ಉಳಿದ ನಾಲ್ಕು ದಿನ ನಾನು ಅವರ ಮನೆಯಲ್ಲಿ ಊಟಕ್ಕೆ ಹಾಜರಿರುತ್ತಿದ್ದೆ.

ಹೋಗಿ ನೋಡಿದರೆ ಮನುಷ್ಯ ಅರ್ಧವಾಗಿದ್ದರು. ಮಹಡಿಗೆ ಹೋಗುವ ಹನ್ನೆರಡು ಮೆಟ್ಟಿಲಿನಲ್ಲಿ ಐದನೆಯದಕ್ಕೆ ನಿಂತು ಉಸಿರು ಎಳೆದುಕೊಳ್ಳುವರು. ಸಂಜೆಯಾದರೆ ಕಾಲು ಊದಿ ಕಾಲುಚೀಲದ ಗುರುತು ಮೂಡುವುದು. ಡಾಕ್ಟರು ಹಾರ್ಟ್ ಫೇಲ್ಯೂರ್ ಎಂದಿದ್ದರು. ಹೃದಯ ನಿಂತುಹೋಗುವುದೇ ಫೇಲ್ಯೂರ್ ಎಂದುಕೊಂಡಿದ್ದ ಗಿರಿಜಾ ಆಂಟಿ ಆ ಮಾತು ಕೇಳಿ ಅಲ್ಲೇ ಕುಸಿದು ಕೂತಿದ್ದರಂತೆ. ಸರ್ ನನಗೆ ಬೇರೆ ರೀತಿ ವಿವರಿಸಿದರು. "ನಿಂತಿಲ್ಲೋ. ಪಂಪ್ ಸವದೈತಿ. ನೀರು ಎತ್ತತೈತಿ, ಆದ್ರ ಮೊದಲಿನಷ್ಟು ಎತ್ತೂದಿಲ್ಲ." ದಿನಾ ಬೆಳಗ್ಗೆ ತೂಕ ನೋಡಿ ಬರೆದಿಡಲು ಡಾಕ್ಟರು ಹೇಳುವ ಮೊದಲೇ ಅವರು ಒಂದು ನೋಟ್‌ಬುಕ್ಕಿಗೆ ಗೆರೆ ಹಾಕಿಟ್ಟಿದ್ದರು.

ಡೌನರ್ಸ್ ಗ್ರೋವ್‌ನ ಹೃದಯದ ಕ್ಲಿನಿಕ್ಕಿನಲ್ಲಿ ಒಂದು ಅಧ್ಯಯನಕ್ಕೆ ಜನ ಬೇಕಾಗಿದ್ದರು. ಮಾಮೂಲಿ ಔಷಧಿಗಳ ಜೊತೆಗೆ ಒಂದು ಆಂಟಿಆಕ್ಸಿಡೆಂಟ್ ಮಾತ್ರೆ ಕೊಟ್ಟರೆ ಸೋತ ಹೃದಯಕ್ಕೆ ಅನುಕೂಲವಾಗುತ್ತದೆಯೇ ಎಂದು ಎರಡು ವರ್ಷ ನೋಡುವುದು. ಅರ್ಧ ಜನಕ್ಕೆ ನಿಜವಾದ ಮಾತ್ರೆ, ಅರ್ಧ ಜನಕ್ಕೆ ನೋಡಲು ಅದರಂತೆಯೇ ಇರುವ ಹುಸಿ ಮಾತ್ರೆ. ಒಪ್ಪಿಗೆ ಪತ್ರವನ್ನು ಎಲ್ಲರೂ ಕೊನೆಯ ಹಾಳೆ ತಿರುಗಿಸಿ ಸಹಿ ಮಾಡಿ ಕೊಡುತ್ತಾರೆ. ನಮ್ಮವರು ಅದನ್ನು ಮನೆಗೆ ತಂದು, ಪೆನ್ಸಿಲ್ ಹಿಡಿದು, ಎರಡು ದಿನ ಓದಿ, ಒಂದು ಕಾಗುಣಿತದ ತಪ್ಪನ್ನೂ ಹುಡುಕಿ ಒಯ್ದರು. ಅಧ್ಯಯನ ನೋಡಿಕೊಳ್ಳುವ ನರ್ಸ್ ಲಿಂಡಾ ಎಂಬ ಹೆಂಗಸಿಗೆ ಅವರು ಕೇಳಿದ ಮೊದಲ ಪ್ರಶ್ನೆ, ಯಾರಿಗೆ ಯಾವ ಮಾತ್ರೆ ಎಂದು ನಿನಗೆ ಗೊತ್ತೇ, ಎಂದು. ತನಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ ಎಂದಳು. ಸರ್ ಮುಖ ಅರಳಿತು. ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಹಂಗಿರಬೇಕು. ಗೊತ್ತಿದ್ದವರ ಕೈ ಸುಮ್ಮನ ಇರೂದಿಲ್ಲ" ಎಂದರು.

ಇದೇ ತರಹದ ಮಾತ್ರೆಗಳನ್ನು ಅಂಗಡಿಯಿಂದ ತಂದು ನುಂಗಬಾರದು ಎಂಬುದು ಒಂದು ನಿಯಮ. ಯಾವಾಗ ಬೇಕಾದರೂ ಬಿಟ್ಟುಹೋಗಬಹುದು ಎಂಬುದು ಇನ್ನೊಂದು. ಎರಡನೆಯದನ್ನು ಓದಿ ಸರ್ ನಕ್ಕರು. ಕಾರಿನಲ್ಲಿ ವಾಪಸು ಬರುವಾಗ ಡೌನರ್ಸ್ ಗ್ರೋವ್‌ನ ರೈಲ್ವೆ ಗೇಟು ಬಿತ್ತು. ಶಿಕಾಗೊ ಕಡೆಯ ಟ್ರೇನು ಹೋಗುವುದನ್ನು ನೋಡುತ್ತ, "ಇದು ನನ್ನ ಕಡೀ ಟೆಸ್ಟು, ಮಧು. ಅರ್ಧಕ್ಕ ಬಿಟ್ಟದ್ದು ಒಂದು ಸಾಕು. ಇದನ್ನ ಮುಗಸ್ತೀನಿ" ಎಂದರು.

ಬೆಳಗ್ಗೆ ಒಂದು, ರಾತ್ರಿ ಒಂದು. ಲಿಂಗಪೂಜೆ ಮುಗಿಸಿ, ಎರಡು ತುತ್ತು ತಿಂದು ಮಾತ್ರೆ ನುಂಗಿ, ನೋಟ್‌ಬುಕ್ಕಿನಲ್ಲಿ ಹೊತ್ತು ಬರೆಯುವರು. ಮೂರು ತಿಂಗಳಿಗೊಮ್ಮೆ ಕ್ಲಿನಿಕ್ಕು. ಅಲ್ಲಿ ಒಂದು ಉದ್ದನೆಯ ಪಡಸಾಲೆಯಲ್ಲಿ ಆರು ನಿಮಿಷ ನಡೆಸಿ, ಎಷ್ಟು ಅಡಿ ನಡೆದರು ಎಂದು ಅಳೆಯುತ್ತಿದ್ದರು. ನಾನೇ ಅವರ ಡ್ರೈವರು. ಒಂದು ವರ್ಷ ಹೀಗೆ ನಡೆಯಿತು. ನಡಿಗೆ ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಕಡಿಮೆಯಾಗುತ್ತ ಬಂತು.

ಕೆಲಸವಿಲ್ಲದ ನಾಲ್ಕು ದಿನ ಮನುಷ್ಯನ ತಲೆಗೆ ಒಳ್ಳೆಯದಲ್ಲ. ನಾನು ಇಂಟರ್‌ನೆಟ್ಟಿನಲ್ಲಿ ಆ ಮಾತ್ರೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಇವರಿಗೆ ಹುಸಿ ಮಾತ್ರೆಯೇ ಸಿಕ್ಕಿದೆ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡೆ. ಆ ಮಾತ್ರೆ ದೊಡ್ಡ ಅಂಗಡಿಗಳಲ್ಲೆಲ್ಲ ಶ್ಯಾಂಪೂ ಸಾಲಿನ ಪಕ್ಕದಲ್ಲೇ ಸಿಗುತ್ತಿತ್ತು. ಕಿತ್ತಳೆ ಬಣ್ಣದ ಪುಡಿ ತುಂಬಿದ ಕ್ಯಾಪ್ಸೂಲ್. ಒಂದು ಬಾಟಲಿ ತಂದು, ಸರ್ ಮಲಗಿದ್ದ ಒಂದು ಮಧ್ಯಾಹ್ನ ಗಿರಿಜಾ ಆಂಟಿಯ ಕೈಗೆ ಕೊಟ್ಟೆ.

"ಅವರಿಗೆ ಗೊತ್ತಾದ್ರ ಏನ್ ಮಾಡೂದೋ?"

"ಹೇಗೆ ಗೊತ್ತಾಗುತ್ತೆ ಆಂಟಿ? ಹುಸಿ ಮಾತ್ರೆ ಆಗಿದ್ರೆ ಇದು ಸಿಕ್ಕಿದ ಹಾಗಾಯ್ತು. ನಿಜವಾದ್ದಾಗಿದ್ರೆ ಇನ್ನೊಂದು ಸ್ವಲ್ಪ. ಏನಾಗ್ಬಿಡುತ್ತೆ?"

ಹೀಗೆ ಹೇಳಿದ ನನ್ನ ಬಾಯಿಗೆ ಈಗಲೂ ಎರಡು ಬಾರಿಸಬೇಕು ಅನ್ನಿಸುತ್ತದೆ. ಔಷಧಿ ತೆಗೆದುಕೊಳ್ಳುವವರನ್ನೇ ಕೇಳದೆ, ಡಾಕ್ಟರಿಗೂ ಹೇಳದೆ, ಏನಾಗಿಬಿಡುತ್ತೆ ಎಂದು ಕೇಳಲು ನಾನು ಯಾವ ಊರಿನ ಪಂಡಿತ?

ಆಂಟಿ ದಾರಿ ಹುಡುಕಿದರು. ಎದುರಿಗೆ ಮಾತ್ರೆ ಕೊಡುವಂತಿಲ್ಲ, ಮನೆಯ ಪ್ರತಿ ಮಾತ್ರೆಯನ್ನೂ ಸರ್ ಎಣಿಸುತ್ತಿದ್ದರು. ಆದರೆ ರೊಟ್ಟಿಯ ಜೊತೆ ಶೇಂಗಾ ಹಿಂಡಿ ಇಲ್ಲದೆ ಅವರಿಗೆ ಊಟ ಇಳಿಯುತ್ತಿರಲಿಲ್ಲ. ಹುರಿದ ಶೇಂಗಾ, ಕೆಂಪು ಖಾರ, ಬೆಳ್ಳುಳ್ಳಿ ಹಾಕಿ ಕುಟ್ಟಿದ ಚಟ್ನಿಪುಡಿ. ಖಾರದ ಬಣ್ಣದಲ್ಲಿ ಕಿತ್ತಳೆ ಬಣ್ಣ ಯಾರಿಗೆ ಕಾಣಬೇಕು? ಆಂಟಿ ಕ್ಯಾಪ್ಸೂಲುಗಳನ್ನು ಬಿಡಿಸಿ ಹಿಂಡಿಗೆ ಬೆರೆಸಿದರು. ಹೇಗೂ ಕೈ ಹಾಕಿದ್ದೇನಲ್ಲ ಎಂದು ಅದರ ಉಪ್ಪನ್ನೂ ಪೂರ್ತಿ ತೆಗೆದು, ಬದಲಿಗೆ ಹುಣಸೆಹುಳಿ ಹಾಕಿದರು. ಡಾಕ್ಟರು ಉಪ್ಪು ಬೇಡವೆಂದಾಗಲೆಲ್ಲ ಸರ್ ಒಪ್ಪದೆ ಉಳಿಸಿಕೊಂಡಿದ್ದ ಒಂದೇ ಒಂದು ಉಪ್ಪಿನ ಪದಾರ್ಥ ಅದು.

ಮುಂದಿನ ಸಲ ಕ್ಲಿನಿಕ್ಕಿಗೆ ಹೋದಾಗ ಸರ್ ಪಡಸಾಲೆಯಲ್ಲಿ ನಿಲ್ಲದೆ ನಡೆದರು. ಕಳೆದ ಮೂರು ಭೇಟಿಗಿಂತಲೂ ಹೆಚ್ಚು. ಲಿಂಡಾ ಚಪ್ಪಾಳೆ ತಟ್ಟಿದಳು. ನಾನು ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ. ಸರ್ ಮಾತ್ರ ಹುಬ್ಬು ಗಂಟಿಕ್ಕಿದರು. ಅಳತೆಯ ಟೇಪು ತರಿಸಿ, ನನ್ನನ್ನು ಒಂದು ತುದಿಯಲ್ಲಿ ನಿಲ್ಲಿಸಿ, ಪಡಸಾಲೆಯನ್ನೇ ಅಳೆದರು. ಅದು ಇದ್ದಷ್ಟೇ ಇತ್ತು. ಲಿಂಡಾಳ ಗಡಿಯಾರವನ್ನು ತಮ್ಮ ಗಡಿಯಾರದ ಜೊತೆ ಹೋಲಿಸಿದರು. ಅದೂ ಸರಿಯಾಗಿತ್ತು. ತಮಗೆ ಒಳ್ಳೆಯದಾಗಿದೆ ಎಂಬುದನ್ನು ಇಷ್ಟೊಂದು ಅನುಮಾನದಿಂದ ನೋಡಿದ ಇನ್ನೊಬ್ಬ ರೋಗಿಯನ್ನು ಆಕೆ ಕಂಡಿರಲಿಕ್ಕಿಲ್ಲ.

ಮನೆಗೆ ಬಂದು ಊಟಕ್ಕೆ ಕೂತಾಗ ನೋಟ್‌ಬುಕ್ಕು ತಟ್ಟೆಯ ಪಕ್ಕದಲ್ಲೇ ಇತ್ತು. "ಔಷಧ ಮೊದಲಿನ್ವ ಅದಾವ. ದಿನಾ ಅಡ್ಡಾಡೂದು ಅಷ್ಟ. ನಿದ್ದಿ ಅಷ್ಟ. ಏನೋ ಒಂದು ಬದಲಾಗೇತಿ. ಗಿರಿಜಾ, ಅಡಗ್ಯಾಗ ಏನರ ಬದಲ ಮಾಡೀ ಏನು?" ಎಂದು ಕೇಳಿದರು. ಆಂಟಿ ನನ್ನ ಮುಖ ನೋಡಿದರು. ಅವರಿಗೆ ಸುಳ್ಳು ಹೇಳಿ ಗೊತ್ತಿರಲಿಲ್ಲ, ನನಗೆ ಇನ್ನೂ ಸುಳ್ಳು ಹೇಳುವ ಧೈರ್ಯವಿರಲಿಲ್ಲ.

"ಸರ್, ನಾನು ಒಂದು ಬಾಟಲಿ ತಂದ್ಕೊಟ್ಟೆ. ಹಿಂಡಿಲಿ ಇದೆ" ಎಂದುಬಿಟ್ಟೆ.

ಸರ್ ಹಿಂಡಿಯ ಬಟ್ಟಲನ್ನು ಬೆರಳಿನಿಂದ ನಿಧಾನವಾಗಿ ದೂರ ತಳ್ಳಿದರು. ಇಷ್ಟು ದಿನ ಹುಳಿಯ ಹಿಂದೆ ಮರೆಯಾಗಿದ್ದ ಉಪ್ಪಿನ ಕೊರತೆ ಅವರಿಗೆ ಆಗ ಹೊಳೆದಿರಬೇಕು. "ಉಪ್ಪೂ ತಗದೀ ಏನು?" ಎಂದು ಆಂಟಿಯನ್ನು ಕೇಳಿದರು.

"ಹೂಂರಿ."

"ಎರಡೂ ಒಮ್ಮೆ ಬದಲಿಸೀರಿ!" ಅವರ ಸಿಟ್ಟು ನೆತ್ತಿಗೇರಿತು. "ಕಳ್ಳತನ ಮಾಡೂದರ ನೆಟ್ಟಗ ಮಾಡಬಾರದೇನು? ಈಗ ಉಪ್ಪಿನಿಂದ ನಡದ್ನೋ, ನಿಮ್ಮ ಪುಡಿಯಿಂದ ನಡದ್ನೋ, ಯಾವನರ ಹೆಂಗ ಹೇಳ್ಬೇಕು? ಲೇ ಮಧು, ಹತ್ತು ವರ್ಷ ನನ್ನ ಕೂಡ ಇದ್ದು ಇದನ್ನ ಕಲತೀ ಏನಲೇ?"

ನನಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಆಮೇಲೆ ಅವರು ನೋಟ್‌ಬುಕ್ಕು ಮುಚ್ಚಿದರು. "ಸೋಮವಾರ ಹೋಗೂಣು. ಹೇಳೂಣು" ಎಂದರು.

"ಹೊರಗ ಹಾಕಿದ್ರ?" ಆಂಟಿಯ ಕಣ್ಣು ತುಂಬಿತು. "ಮುಗಸ್ಬೇಕು ಅಂತ ಅಷ್ಟ ಆಸೆ ಇಟಗೊಂಡೀರಿ."

"ಹಾಕಿದ್ರ ಹಾಕಲಿ" ಎಂದರು. ನಾನು ಹೋಗಿ ಹೇಳುತ್ತೇನೆ, ತಪ್ಪು ನನ್ನದು ಎಂದೆ. "ಮೈ ನಂದು, ಟೆಸ್ಟು ನಂದು. ಹೇಳಾಂವ ನಾ" ಎಂದು ನನ್ನ ಬಾಯಿ ಮುಚ್ಚಿಸಿದರು.

ಸೋಮವಾರ ಅವರು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಉಳಿದ ಬಾಟಲಿಯನ್ನೂ ಹಿಂಡಿಯ ಡಬ್ಬಿಯನ್ನೂ ಚೀಲದಲ್ಲಿ ಹಿಡಿದು ಬಂದರು. ಲಿಂಡಾಳ ಮೇಜಿನ ಮೇಲೆ ಎರಡನ್ನೂ ಇಟ್ಟು, ಯಾವ ದಿನದಿಂದ ಯಾವ ದಿನದವರೆಗೆ, ದಿನಕ್ಕೆ ಅಂದಾಜು ಎಷ್ಟು ಎಂದು ಬರೆದ ಕಾಗದವನ್ನೂ ಕೊಟ್ಟರು. ಕಾಗದದಲ್ಲಿ ನನ್ನ ಹೆಸರಿರಲಿಲ್ಲ, ಆಂಟಿಯ ಹೆಸರೂ ಇರಲಿಲ್ಲ. ನನ್ನ ಮನೆಯಲ್ಲಿ ಹೀಗಾಯಿತು ಎಂದಷ್ಟೇ ಇತ್ತು. ಲಿಂಡಾ ಅದನ್ನು ಓದಿ, ಡಬ್ಬಿ ತೆಗೆದು ಮೂಸಿ, ಡಾಕ್ಟರ ಕೋಣೆಗೆ ಹೋದಳು. ನಲವತ್ತು ನಿಮಿಷ ಬರಲೇ ಇಲ್ಲ. ಸರ್ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಆ ಗದಗಿನ ಗಟ್ಟಿಗ, ಫಲಿತಾಂಶದ ಹಲಗೆಯ ಮುಂದೆ ನಿಂತ ವಿದ್ಯಾರ್ಥಿಯಂತೆ ಒಂದು ಬಾಗಿಲನ್ನೇ ನೋಡುತ್ತಿದ್ದುದನ್ನು ಕಂಡು ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು.

ಲಿಂಡಾ ಬಂದು ಅವರ ಪಕ್ಕದಲ್ಲಿ ಕೂತಳು. ಇದನ್ನು ಇದ್ದಂತೆ ಬರೆದು ಮೇಲಿನವರಿಗೆ ಕಳಿಸುತ್ತೇವೆ, ಆ ಬಾಟಲಿ ಇವತ್ತಿನಿಂದ ಬಂದ್, ಆದರೆ ನಿಮ್ಮನ್ನು ಹೊರಗೆ ಹಾಕುವುದಿಲ್ಲ ಎಂದಳು. ಒಮ್ಮೆ ಒಳಗೆ ಬಂದವರನ್ನು, ತಪ್ಪಿದವರನ್ನೂ, ಕೊನೆಯವರೆಗೆ ಲೆಕ್ಕಕ್ಕೆ ಹಿಡಿಯುವುದೇ ಪದ್ಧತಿಯಂತೆ. ಇದನ್ನು ಬಂದು ಹೇಳಿದವರು ನೀವೊಬ್ಬರೇ, ಹೇಳದವರು ಎಷ್ಟು ಜನವೋ ಎಂದೂ ಸೇರಿಸಿದಳು. ಸರ್ ಎದ್ದು ನಿಂತು ಆಕೆಗೆ ಕೈ ಮುಗಿದರು. ಇಷ್ಟು ವರ್ಷ ಅಮೆರಿಕದಲ್ಲಿ ಕೈ ಕುಲುಕಿದವರು ಅವತ್ತು ಕೈ ಮುಗಿದರು. ನಾವು ಹೊರಡುವಾಗ ಆಕೆ, ಮಾತ್ರೆಯ ಪುಡಿ ಇಲ್ಲದ ಹಿಂಡಿ ಮಾಡುವುದು ಹೇಗೆಂದು ಬರೆದು ಕೊಡುತ್ತೀರಾ ಎಂದು ಕೇಳಿದಳು.

ಉಪ್ಪು ಹಿಂಡಿಗೆ ಮರಳಿ ಬರಲಿಲ್ಲ. ಡಾಕ್ಟರು ಹೇಳಿದ್ದನ್ನು ಮೊದಲೇ ಕೇಳಬೇಕಿತ್ತು ಎಂದು ಸರ್ ಒಪ್ಪಿಕೊಂಡರು. ಆದರೆ ನಡಿಗೆ ಮತ್ತೆ ಇಳಿಯಿತು. ಉಳಿದ ಆ ತಿಂಗಳುಗಳಲ್ಲಿ ನಾನು ಅಂಗಡಿಯ ಆ ಸಾಲಿನಲ್ಲಿ ಎಷ್ಟು ಸಲ ಹೋಗಿ ನಿಂತಿದ್ದೇನೋ. ಒಂದು ದಿನ ಮೂರನೇ ಮೆಟ್ಟಿಲಿಗೇ ಅವರು ಕೂತುಬಿಟ್ಟಾಗ ನನಗೆ ತಡೆಯಲಾಗಲಿಲ್ಲ.

"ಬಿಟ್ಬಿಡಿ ಸರ್ ಇದನ್ನ. ಹೊರಗೆ ಬನ್ನಿ. ಡಾಕ್ಟರ್‌ನ ಕೇಳಿ ಅಂಗಡಿ ಮಾತ್ರೆನೇ ತಗೊಳ್ಳಿ. ಬಿಡಬಹುದು ಅಂತ ಅವರೇ ಬರ್ದಿದಾರಲ್ಲ!"

ಅವರು ಉಸಿರು ಸರಿಹೋಗುವವರೆಗೂ ಕಾದು ಹೇಳಿದರು. "ನನಗೂ ನಡೀಬೇಕು ಅಂತ ಐತೋ. ನಾನೇನು ಕಲ್ಲೇನು? ಆದ್ರ ಆ ಪುಡಿ ಖರೇ ಕೆಲಸಾ ಮಾಡ್ತೈತೋ ಇಲ್ಲೋ ಅಂತ ನಿನಗ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಯಾರರ ಕುಂತು ನೋಡಿದ್ರ ಗೊತ್ತಾಗೂದು."

"ಗೊತ್ತಾಗೋದು ಯಾರಿಗೆ ಸರ್? ಯಾರೋ ಮುಂದೆ ಬರೋರಿಗೆ. ಅವರು ಯಾರು ನಿಮಗೆ?"

"ನಾವು ಕೀಲು ಮುರದು ನೋಡಿದ ಕಾರಿನಾಗ ಯಾರ ಕೂಸು ಕುಂದರ್ತೈತಿ ಅಂತ ನನಗ ಗೊತ್ತಿತ್ತೇನು?" ಎಂದು ಅವರು ಕೈ ಚಾಚಿದರು. ನಾನು ಕೈ ಕೊಟ್ಟೆ. ಇಬ್ಬರೂ ಉಳಿದ ಮೆಟ್ಟಿಲು ಹತ್ತಿದೆವು.

ಎರಡು ವರ್ಷ ತುಂಬಿದ ದಿನ ಕೊನೆಯ ಭೇಟಿ. ಹೊರಗೆ ಹತ್ತು ಡಿಗ್ರಿ ಫ್ಯಾರನ್‌ಹೀಟ್ ಚಳಿ. ಪಡಸಾಲೆಯಲ್ಲಿ ಅವರು ಎರಡು ಸಲ ಗೋಡೆ ಹಿಡಿದು ನಿಂತರು. ನಿಲ್ಲಿಸಿದರೂ ಪರವಾಗಿಲ್ಲ ಎಂದು ಲಿಂಡಾ ಅಂದಳು. ಅವರು ತಲೆ ಅಲ್ಲಾಡಿಸಿದರು. ಆರು ನಿಮಿಷ ಮುಗಿದಾಗ ಮೊದಲ ದಿನದ ಅರ್ಧವೂ ನಡೆದಿರಲಿಲ್ಲ. ಲಿಂಡಾ ಫಾರ್ಮಿನ ಕೊನೆಯಲ್ಲಿ 'ಪೂರ್ಣ' ಎಂಬ ಚೌಕದಲ್ಲಿ ಗುರುತು ಹಾಕಿದಳು. ಸರ್ ಕನ್ನಡಕ ಹಾಕಿಕೊಂಡು ಆ ಗುರುತನ್ನು ನೋಡಿ, "ಮುಗೀತು ನೋಡು" ಎಂದು ನನ್ನ ಬೆನ್ನು ತಟ್ಟಿದರು. ಮನೆಯ ಮುಂದೆ ಅವರನ್ನು ಇಳಿಸಿ, ಶಿಫ್ಟಿಗೆ ಹೊತ್ತಾಯಿತೆಂದು ಒಳಗೂ ಹೋಗದೆ ನಾನು ಎಲ್ಕ್ ಗ್ರೋವ್‌ಗೆ ಹೊರಟೆ. ಆಮೇಲೆ ದಿನವೂ ಓವರ್‌ಟೈಮ್ ಬಿದ್ದು ಊಟಕ್ಕೂ ಹೋಗಲಾಗಲಿಲ್ಲ, ಅದೇ ನಾನು ಅವರನ್ನು ಜೀವಂತ ಕೊನೆಯ ಸಲ ನೋಡಿದ್ದು. ಹನ್ನೊಂದು ದಿನದ ಮೇಲೆ, ನಿದ್ದೆಯಲ್ಲೇ ಹೋದರು.

ಕ್ಲಿನಿಕ್ಕಿನಿಂದ ಕಾಗದ ಬಂದದ್ದು ಬೇಸಗೆಯಲ್ಲಿ. ಅಧ್ಯಯನದ ಪೂರ್ತಿ ಫಲಿತಾಂಶ ಇನ್ನೂ ಬರಬೇಕು, ಆದರೆ ಕುಟುಂಬದವರು ಕೇಳಿದ್ದರಿಂದ ಅವರಿಗೆ ಯಾವ ಮಾತ್ರೆ ಸಿಕ್ಕಿತ್ತೆಂದು ತಿಳಿಸುತ್ತಿದ್ದೇವೆ ಎಂದು ಬರೆದಿದ್ದರು. ಗಿರಿಜಾ ಆಂಟಿ ಅದನ್ನು ಒಡೆಯದೆ ಇಟ್ಟುಕೊಂಡು, ನನಗೆ ಫೋನ್ ಮಾಡಿ ಕರೆಸಿದರು. ನಾನು ಓದಿದೆ.

"ಏನಂತೋ?"

"ಹುಸಿ ಮಾತ್ರೆ ಆಂಟಿ. ಸರ್‌ಗೆ ಕೊಟ್ಟಿದ್ದು ಹುಸಿ ಮಾತ್ರೆ."

ಅಳುತ್ತಾರೆ, ಇಲ್ಲವೇ ನನ್ನನ್ನು ಬೈಯುತ್ತಾರೆ ಎಂದು ನಾನು ತಲೆ ತಗ್ಗಿಸಿ ಕೂತೆ. ಆ ಬಾಟಲಿ ನಿಲ್ಲಿಸದಿದ್ದರೆ ಎಂದು ನನ್ನ ಮನಸ್ಸು ಕೇಳುತ್ತಲೇ ಇತ್ತು.

"ಅಂದ್ರ ಎರಡು ವರ್ಷ ಬರೇ ಹಿಟ್ಟು ನುಂಗಿದ್ರು."

"ಹೌದು ಆಂಟಿ."

ಅವರು ನನ್ನ ಕೈಯಿಂದ ಕಾಗದ ತೆಗೆದುಕೊಂಡು, ಸೆರಗಿನಿಂದ ಒಮ್ಮೆ ಒರೆಸಿ, ತಲೆ ಎತ್ತಿ ನನ್ನನ್ನು ನೋಡಿದರು.

"ಒಂದ ಹೊತ್ತೂ ತಪ್ಪಿಸಲಿಲ್ಲ ನೋಡೋ, ಮಧು. ಒಂದ ಹೊತ್ತೂ."